ಕ್ರೆಡಿಟ್ ಕಾರ್ಡ್ ಸಾಲ ತೀರಿಸಲು ಯಾವ ದಾರಿ? ‘ನೂರಕ್ಕೆ ಎಷ್ಟು’ ಅಂತ ಕೇಳಿ ನೋಡಿ

ನಮ್ಮ ಕಲಬುರಗಿ ಕಡೆ ಕೈಸಾಲದ ಬಡ್ಡಿಯನ್ನು ವರ್ಷದ ಲೆಕ್ಕದಲ್ಲಿ ಹೇಳುವವರು ಕಡಿಮೆ. ಗಂಜ್ ಮಾರುಕಟ್ಟೆಯ ಅಡತಿ ಅಂಗಡಿಯಲ್ಲಿ ಕೇಳಿ, ಹಳ್ಳಿಯಲ್ಲಿ ಕೇಳಿ, ‘ನೂರಕ್ಕ ಎರಡು’, ‘ನೂರಕ್ಕ ಮೂರು’ ಅಂತಾರೆ. ನೂರು ರೂಪಾಯಿಗೆ ತಿಂಗಳಿಗೆ ಎರಡು ರೂಪಾಯಿ, ಮೂರು ರೂಪಾಯಿ. ಎರಡು ಅಂದರೆ ಜನ ಯೋಚನೆ ಮಾಡ್ತಾರೆ. ನಾಲ್ಕು, ಐದು ಅಂದರೆ ನಮ್ಮ ಅವ್ವನಂಥವರು ‘ಅಂಥಾ ಸಾಲ ಬ್ಯಾಡಪ್ಪಾ’ ಅಂತ ಎದ್ದು ಬರ್ತಾರೆ.

ನಾನು ಹನ್ನೊಂದು ತಿಂಗಳು ನೂರಕ್ಕೆ ನಾಲ್ಕಕ್ಕಿಂತ ಜಾಸ್ತಿ ಬಡ್ಡಿ ಕಟ್ಟಿದೆ. ಅವ್ವನಿಗೆ ಹೇಳಿರಲಿಲ್ಲ. ನನಗೇ ಅದು ಅಷ್ಟು ಅಂತ ಗೊತ್ತಿರಲಿಲ್ಲ. ಕ್ರೆಡಿಟ್ ಕಾರ್ಡಿನ ಬಿಲ್ಲಿನಲ್ಲಿ ತಿಂಗಳಿಗೆ 3.5% ಅಂತ ಸಣ್ಣ ಅಕ್ಷರದಲ್ಲಿ ಬರೆದಿತ್ತು. ಆ ಬಡ್ಡಿಯ ಮೇಲೆ 18% ಜಿಎಸ್‌ಟಿ. ಎರಡೂ ಸೇರಿಸಿದರೆ ನೂರಕ್ಕೆ 4 ರೂಪಾಯಿ 13 ಪೈಸೆ. ವರ್ಷಕ್ಕೆ ಸುಮಾರು 50%.

ಸಾಲ ಆದದ್ದು ಎಲ್ಲರ ಮನೆಯಲ್ಲಿ ಆಗುವ ಹಾಗೆಯೇ. ಬೇಸಿಗೆಯಲ್ಲಿ ಎಸಿ ತಗೊಂಡೆವು. ಅದೇ ವರ್ಷ ಅವ್ವನಿಗೆ ಆಸ್ಪತ್ರೆ ಖರ್ಚು ಬಂತು. 80,000 ಮುಟ್ಟಿತು. ಅದನ್ನು ತೀರಿಸಲು ಹೊರಟಾಗ ಎಷ್ಟು ದಾರಿಗಳಿವೆ, ಯಾವುದು ಅಗ್ಗ, ಯಾವುದರಲ್ಲಿ ಮತ್ತೆ ಸಿಕ್ಕಿಬೀಳ್ತೀವಿ ಅಂತ ಒಂದೊಂದಾಗಿ ವಿಚಾರಿಸಬೇಕಾಯಿತು. ಆ ಲೆಕ್ಕವನ್ನು ಇಲ್ಲಿ ಇಡುತ್ತಿದ್ದೇನೆ. ಹೋಲಿಸಲು ಸುಲಭ ಆಗಲಿ ಅಂತ ಎಲ್ಲ ಕಡೆ ಸಾಲ 80,000, ತಿಂಗಳಿಗೆ ಕಟ್ಟಲು ಆಗುವುದು ಸುಮಾರು 4,000 ಅಂತ ಇಟ್ಟುಕೊಳ್ಳೋಣ. ಅಳತೆಗೋಲು ಒಂದೇ: ನೂರಕ್ಕೆ ತಿಂಗಳಿಗೆ ಎಷ್ಟು?

ಮಿನಿಮಮ್ ಕಟ್ಟುತ್ತಾ ಹೋಗುವುದು

ಇದರ ಬಗ್ಗೆ ಜಾಸ್ತಿ ಬರೆಯುತ್ತೇನೆ. ಯಾಕಂದ್ರೆ ಹೆಚ್ಚು ಜನ ಸಿಕ್ಕಿಬೀಳುವುದು ಇಲ್ಲಿಯೇ. ಬಿಲ್ಲಿನಲ್ಲಿ ಎರಡು ಮೊತ್ತ ಇರುತ್ತವೆ. ಒಂದು ಪೂರ್ತಿ ಬಾಕಿ, ಇನ್ನೊಂದು ‘ಮಿನಿಮಮ್ ಡ್ಯೂ’. ಬಹಳ ಕಾರ್ಡುಗಳಲ್ಲಿ ಮಿನಿಮಮ್ ಅಂದರೆ ಬಾಕಿಯ 5%ದ ಆಸುಪಾಸು. 80,000ಕ್ಕೆ 4,000. ಕಟ್ಟಿದ ಕೂಡಲೇ ‘ಥ್ಯಾಂಕ್ಯೂ’ ಅಂತ ಮೆಸೇಜ್ ಬರುತ್ತದೆ. ಲೇಟ್ ಫೀ ಬೀಳುವುದಿಲ್ಲ, ಯಾರೂ ಫೋನ್ ಮಾಡುವುದಿಲ್ಲ. ಎಲ್ಲ ಸರಿ ಇದೆ ಅಂತ ಅನಿಸುತ್ತದೆ.

ಈಗ ಮುಂದಿನ ತಿಂಗಳ ಬಿಲ್ ನೋಡಿ. ಉಳಿದದ್ದು 76,000. ಅದಕ್ಕೆ 3.5% ಬಡ್ಡಿ 2,660. ಬಡ್ಡಿಯ ಮೇಲೆ ಜಿಎಸ್‌ಟಿ 479. ಒಟ್ಟು ಬಾಕಿ 79,139. ಅಂದರೆ ಕಿಸೆಯಿಂದ 4,000 ಹೋಯಿತು, ಸಾಲ ಇಳಿದದ್ದು 861 ರೂಪಾಯಿ.

ಹೊಸದಾಗಿ ಒಂದು ರೂಪಾಯಿಯನ್ನೂ ಖರ್ಚು ಮಾಡದೆ ಹನ್ನೊಂದು ತಿಂಗಳು ಹೀಗೆ 5% ಕಟ್ಟಿದರೆ ಒಟ್ಟು ಕಟ್ಟಿದ್ದು 41,000 ದಾಟುತ್ತದೆ. ಸಾಲ ಮಾತ್ರ 71,000ದ ಹತ್ತಿರ ನಿಂತಿರುತ್ತದೆ. ನನಗೆ ಆದದ್ದು ಇದೇ. ಒಂದು ರಾತ್ರಿ ಹಳೇ ಬಿಲ್ಲುಗಳನ್ನೆಲ್ಲ ಮೊಬೈಲಿನಲ್ಲಿ ತೆಗೆದು, ಮಗಳ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಕಟ್ಟಿದ್ದು ಒಂದು ಕಡೆ, ಇಳಿದದ್ದು ಒಂದು ಕಡೆ ಬರೆದೆ. ಮೂರು ಸಲ ಕೂಡಿಸಿದೆ. ಅವತ್ತು ರಾತ್ರಿ ನಿದ್ದೆ ಬರಲಿಲ್ಲ.

ಮಿನಿಮಮ್ ಕಟ್ಟುವವರಿಗೆ ಇನ್ನೊಂದು ಏಟು ಇದೆ. ಪೂರ್ತಿ ಕಟ್ಟುವವರಿಗೆ ಹೊಸ ಖರೀದಿಯ ಮೇಲೆ ಬಡ್ಡಿ ಇಲ್ಲದ ದಿನಗಳು ಸಿಗುತ್ತವೆ ಅಲ್ವಾ? ಬಾಕಿ ಉಳಿಸಿಕೊಂಡವರಿಗೆ ಅದು ಸಿಗುವುದಿಲ್ಲ. ಸೂಪರ್ ಮಾರ್ಕೆಟ್‌ನಲ್ಲಿ 600 ರೂಪಾಯಿ ಕಿರಾಣಿ ತಗೊಂಡು ಕಾರ್ಡ್ ಉಜ್ಜಿದರೆ ಅವತ್ತಿನಿಂದಲೇ ಅದಕ್ಕೂ ಬಡ್ಡಿ. ಅದಕ್ಕೇ ಹೇಳುವುದು, ಬಾಕಿ ತೀರುವ ತನಕ ಕಾರ್ಡ್ ಮನೆಯಲ್ಲೇ ಇರಲಿ. ಮೊಬೈಲ್ ಆ್ಯಪ್‌ಗಳಲ್ಲಿ ಸೇವ್ ಮಾಡಿದ ಕಾರ್ಡ್ ನಂಬರನ್ನೂ ತೆಗೆದುಹಾಕಿ. ಕಾರ್ಡಿನಿಂದ ಎಟಿಎಂನಲ್ಲಿ ನಗದು ತೆಗೆಯುವುದಂತೂ ಬೇಡವೇ ಬೇಡ. ಫೀ ಬೇರೆ, ಮೊದಲ ದಿನದಿಂದ ಬಡ್ಡಿ ಬೇರೆ.

‘ಬಡ್ಡಿಗೆ ಒಂದು ಮಿತಿ ಇರಬೇಕಲ್ಲ’ ಅಂತ ಬಹಳ ಜನ ಕೇಳ್ತಾರೆ. ರಾಷ್ಟ್ರೀಯ ಗ್ರಾಹಕ ಆಯೋಗ 2008ರಲ್ಲಿ ವರ್ಷಕ್ಕೆ 30% ಮೀರಬಾರದು ಅಂತ ಹೇಳಿತ್ತು. ಆ ತೀರ್ಪನ್ನು ಸುಪ್ರೀಂ ಕೋರ್ಟ್ 2024ರ ಡಿಸೆಂಬರ್‌ನಲ್ಲಿ ತಳ್ಳಿಹಾಕಿತು. ಹಾಗಾಗಿ ಬಡ್ಡಿ ತಾನಾಗಿ ಇಳಿಯುತ್ತದೆ ಅಂತ ಕಾಯಬೇಡಿ.

ಮಿನಿಮಮ್ ಬಿಟ್ಟು, ಪ್ರತಿ ತಿಂಗಳು ತಪ್ಪದೆ 4,000 ಕಾರ್ಡಿಗೇ ಕಟ್ಟಿದರೆ? ತೀರುತ್ತದೆ. ಆದರೆ ಸುಮಾರು 39 ತಿಂಗಳು ಬೇಕು. ಒಟ್ಟು ಹೋಗುವುದು 1,55,000 ಮೀರಿ. ಸಾಲದಷ್ಟೇ ಬಡ್ಡಿ ಆಯಿತು ಅನ್ನಿ.

ಅದೇ ಕಾರ್ಡಿನಲ್ಲಿ ಇಎಂಐ ಮಾಡಿಸುವುದು

ಬ್ಯಾಂಕಿಗೆ ಫೋನ್ ಮಾಡಿ ಬಾಕಿಯನ್ನು ಕಂತು ಮಾಡಿಕೊಡಿ ಅಂದರೆ ಸಾಮಾನ್ಯವಾಗಿ ಮಾಡಿಕೊಡ್ತಾರೆ. ಓಡಾಟ ಇಲ್ಲ, ಕಾಗದ ಇಲ್ಲ. ವರ್ಷಕ್ಕೆ 18% ಅಂತ ಇಟ್ಟುಕೊಂಡರೆ ನೂರಕ್ಕೆ ಒಂದೂವರೆ ರೂಪಾಯಿ. ಇಲ್ಲೂ ಬಡ್ಡಿಯ ಮೇಲೆ ಜಿಎಸ್‌ಟಿ ಇದೆ, ಸೇರಿಸಿದರೆ 1 ರೂಪಾಯಿ 77 ಪೈಸೆ. 80,000ಕ್ಕೆ 24 ತಿಂಗಳ ಕಂತು ಸುಮಾರು 3,994 ಮತ್ತು ಜಿಎಸ್‌ಟಿ.

ಮಿನಿಮಮ್ ಅಂತ ಕಟ್ಟುತ್ತಿದ್ದ ಮೊತ್ತವೂ 4,000ವೇ ಆಗಿತ್ತು. ಅಷ್ಟೇ ದುಡ್ಡು ಹೆಚ್ಚು ಕಡಿಮೆ ಎರಡು ವರ್ಷಕ್ಕೆ ಸಾಲವನ್ನೇ ಮುಗಿಸುತ್ತಿತ್ತು. ಬಡ್ಡಿ, ಜಿಎಸ್‌ಟಿ ಎರಡೂ ಸೇರಿ 18,700ರ ಹತ್ತಿರ. ಪ್ರೊಸೆಸಿಂಗ್ ಫೀ ಬೇರೆ. ಬೇರೆ ಏನೂ ಮಾಡಲು ಆಗದಿದ್ದರೂ ಇಷ್ಟನ್ನಾದರೂ ಇವತ್ತೇ ಮಾಡಿ ಅಂತ ಕೈ ಮುಗಿದು ಹೇಳುತ್ತೇನೆ.

ಫೋನಿನಲ್ಲಿ ಮೊದಲು ಹೇಳಿದ ಬಡ್ಡಿಗೇ ಹೂಂ ಅನ್ನಬೇಡಿ. ‘ಬೇರೆ ಕಡೆ ಇದಕ್ಕಿಂತ ಕಡಿಮೆ ಸಿಗ್ತದ ರೀ, ಸ್ವಲ್ಪ ನೋಡಿ ಹೇಳ್ರಿ’ ಅಂತ ಕೇಳಿ. ಕೆಲವು ಸಲ ಇಳಿಸ್ತಾರೆ. ಒಂದು ಎಚ್ಚರಿಕೆ: ಕಂತು ಪೂರ್ತಿಯಾಗಿ ಪ್ರತಿ ತಿಂಗಳ ಮಿನಿಮಮ್ ಒಳಗೆ ಸೇರುತ್ತದೆ. ಒಂದು ಕಂತು ತಪ್ಪಿದರೆ ಅದು ಮತ್ತೆ ಹಳೇ ಬಡ್ಡಿಗೆ ಹೋಗಿ ಬೀಳುತ್ತದೆ.

ಬಾಕಿಯನ್ನು ಇನ್ನೊಂದು ಬ್ಯಾಂಕಿನ ಕಾರ್ಡಿಗೆ ಸಾಗಿಸುವ ದಾರಿಯೂ ಇದೆ. ಮೊದಲ ಕೆಲವು ತಿಂಗಳು ಬಡ್ಡಿ ಕಡಿಮೆ, ಆಮೇಲೆ ಮಾಮೂಲಿ ಬಡ್ಡಿ. ಆ ಕೆಲವೇ ತಿಂಗಳಲ್ಲಿ ಪೂರ್ತಿ ತೀರಿಸುವ ದುಡ್ಡು ಎಲ್ಲಿಂದ ಬರುತ್ತದೆ ಅಂತ ಖಚಿತ ಗೊತ್ತಿದ್ದವರಿಗೆ ಮಾತ್ರ ಇದು.

ಪರ್ಸನಲ್ ಲೋನ್

ಸಂಬಳ ಬ್ಯಾಂಕಿಗೆ ಬರುತ್ತಿದ್ದರೆ ಸಿಗುತ್ತದೆ. 14% ಅಂತ ಹಿಡಿಯಿರಿ, ನೂರಕ್ಕೆ 1 ರೂಪಾಯಿ 17 ಪೈಸೆ. ಸಾಲದ ಬಡ್ಡಿಗೆ ಜಿಎಸ್‌ಟಿ ಇಲ್ಲ, ಅದು ಕಾರ್ಡಿನ ಬಡ್ಡಿಗೆ ಮಾತ್ರ. 24 ತಿಂಗಳಿಗೆ ಕಂತು 3,841. ಬಡ್ಡಿ 12,200. ಫೀ 2%, ಆ ಫೀ ಮೇಲಿನ ಜಿಎಸ್‌ಟಿ ಸೇರಿಸಿದರೂ ಒಟ್ಟು 14,000 ಚಿಲ್ಲರೆ. ಕಾರ್ಡ್ ಇಎಂಐಗಿಂತ ನಾಲ್ಕೂವರೆ ಸಾವಿರ ಉಳಿಯಿತು.

ಇಲ್ಲಿ ಒಂದು ಮಾತಿಗೆ ಕಿವಿ ಕೊಡಿ: ‘ಫ್ಲ್ಯಾಟ್’. ‘ಸರ್, ಫ್ಲ್ಯಾಟ್ 10% ಅಷ್ಟೇ’ ಅಂತಾರೆ. 10% ಅಂದರೆ ಅಗ್ಗ ಅನಿಸುತ್ತದೆ. ಲೆಕ್ಕ ಹಾಕಿ: 80,000ಕ್ಕೆ ವರ್ಷಕ್ಕೆ 8,000, ಎರಡು ವರ್ಷಕ್ಕೆ 16,000. ಒಟ್ಟು 96,000ವನ್ನು 24ರಿಂದ ಭಾಗಿಸಿದರೆ ಕಂತು 4,000. ಮೇಲಿನ 18% ಕಾರ್ಡ್ ಇಎಂಐ ಕಂತು ಎಷ್ಟಿತ್ತು? 3,994. ಎರಡೂ ಒಂದೇ ಆಯಿತಲ್ಲ! ಫ್ಲ್ಯಾಟ್‌ನಲ್ಲಿ ನೀವು ಅಸಲು ತೀರಿಸುತ್ತಾ ಬಂದರೂ ಬಡ್ಡಿ ಮಾತ್ರ ಮೊದಲಿನ 80,000ಕ್ಕೇ ಬೀಳುತ್ತದೆ. ಅದಕ್ಕೇ ‘ಉಳಿದ ಅಸಲಿನ ಮೇಲೆ ಬಡ್ಡಿ ಎಷ್ಟು’ ಅಂತಲೇ ಕೇಳಿ. ಮಧ್ಯದಲ್ಲಿ ದುಡ್ಡು ಬಂದು ಬೇಗ ಮುಗಿಸಿದರೆ ದಂಡ ಎಷ್ಟು ಅಂತಲೂ ಕೇಳಿಟ್ಟುಕೊಳ್ಳಿ.

ನೌಕರರ ಪತ್ತಿನ ಸಹಕಾರ ಸಂಘ ಇದ್ದವರು ಮೊದಲು ಅಲ್ಲಿ ವಿಚಾರಿಸಿ. ಕಂತು ಸಂಬಳದಲ್ಲೇ ಕಡಿತ ಆಗುವುದರಿಂದ ತಪ್ಪುವ ಮಾತಿಲ್ಲ. ಜಾಮೀನಿಗೆ ಜೊತೆಯವರನ್ನು ಕೇಳಬೇಕು, ಅದೊಂದು ಸಂಕೋಚ. ನಾನು ಆ ಸಂಕೋಚಕ್ಕೇ ಹಿಂದೆ ಸರಿದೆ. ಈಗ ಅನಿಸುತ್ತದೆ, ಸಾಲ ಮುಚ್ಚಿಟ್ಟು ಬಡ್ಡಿ ಕಟ್ಟುವುದಕ್ಕಿಂತ ಇಬ್ಬರು ಸ್ನೇಹಿತರ ಹತ್ತಿರ ಬಾಯಿ ಬಿಟ್ಟು ಕೇಳುವುದೇ ಮೇಲಿತ್ತು.

ಬಂಗಾರದ ಸಾಲ

ಕಾಗದದ ಮೇಲೆ ಇದಕ್ಕಿಂತ ಅಗ್ಗದ್ದು ಇಲ್ಲ. ಬ್ಯಾಂಕಿನಲ್ಲಿ 10% ಅಂತ ಇಟ್ಟರೆ ನೂರಕ್ಕೆ 83 ಪೈಸೆ. ತಿಂಗಳಿಗೆ 4,000ದಂತೆ ಕಟ್ಟಿದರೆ 22 ತಿಂಗಳಿಗೆ ಮುಗಿಯುತ್ತದೆ. ಬಡ್ಡಿ 8,000ದ ಒಳಗೆ. ಬರೀ ಬಂಗಾರದ ಸಾಲದ್ದೇ ವ್ಯವಹಾರ ಮಾಡುವ ಕಂಪನಿಗಳಲ್ಲಿ ಹತ್ತು ನಿಮಿಷಕ್ಕೆ ದುಡ್ಡು ಸಿಗಬಹುದು, ಆದರೆ ಬಡ್ಡಿ ಸಾಮಾನ್ಯವಾಗಿ ಬ್ಯಾಂಕಿಗಿಂತ ಜಾಸ್ತಿ. ಅರ್ಧ ದಿನ ರಜೆ ಹಾಕಿ ಬ್ಯಾಂಕಿಗೇ ಹೋಗಿ.

ನಾನು ಆರಿಸಿದ್ದು ಇದನ್ನೇ. ಮನೆಯವಳ ಬೋರಮಳ, ಅಂದರೆ ಬಂಗಾರದ ಮಣಿಗಳ ಸರ, ಕೇಳಲು ನನಗೆ ಬಾಯಿ ಬರಲಿಲ್ಲ. ನೋಟ್‌ಬುಕ್ ಹಾಳೆ ನೋಡಿ ಮನೆಯವಳೇ ಅಂದಳು: ‘ರೀ, ಬೋರಮಳ ಪೆಟ್ಟಿಗ್ಯಾಗ ಸುಮ್ನೆ ಕುಂತದ. ಇಡ್ರಿ. ಆದ್ರ ಆ ಕಾರ್ಡ ನನ್ನ ಕೈಯಾಗ ಕೊಡ್ರಿ.’

ಬ್ಯಾಂಕಿನಲ್ಲಿ ಒಬ್ಬ ಅಕ್ಕಸಾಲಿಗರು ಕುಳಿತಿದ್ದರು. ಒರೆಗಲ್ಲಿಗೆ ಒಂದು ಮಣಿ ತಿಕ್ಕಿ, ಮೇಲೆ ದ್ರಾವಣದ ಹನಿ ಬಿಟ್ಟು ನೋಡಿದರು. ತಕ್ಕಡಿಯಲ್ಲಿ 18 ಗ್ರಾಂ ಬಂತು. ‘ಮಣಿ ಒಳಗ ಅರಗು ಇರ್ತದ ತಂಗಿ, ಅದು ಕಳೀಬೇಕು’ ಅಂತ ಮನೆಯವಳಿಗೆ ಹೇಳಿ 5 ಗ್ರಾಂ ಕಳೆದರು. ಬೋರಮಳ ಇಡುವವರಿಗೆ ಇದು ಗೊತ್ತಿರಲಿ. ಮನೆಯಲ್ಲಿ ತೂಗಿದ ತೂಕಕ್ಕೆ ಸಾಲ ಸಿಗುವುದಿಲ್ಲ. ಹರಳು, ಅರಗು, ದಾರ ಎಲ್ಲ ಹೋಗಿ ಉಳಿದ ಬಂಗಾರಕ್ಕೆ ಮಾತ್ರ ಬೆಲೆ. ಬಳೆ, ಪಾಟ್ಲಿಗಳಲ್ಲಿ ಈ ಕಳೆಯುವಿಕೆ ಕಡಿಮೆ. ನಿವ್ವಳ ತೂಕ ಬರೆದ ಚೀಟಿ ಕೇಳಿ ತಗೊಳ್ಳಿ, ಫೋಟೋ ಹೊಡೆದಿಟ್ಟುಕೊಳ್ಳಿ.

ಎಷ್ಟು ಸಿಗುತ್ತದೆ? ರಿಸರ್ವ್ ಬ್ಯಾಂಕ್ 2025ರ ಜೂನ್‌ನಲ್ಲಿ ತಂದ ನಿಯಮದ ಪ್ರಕಾರ 2.5 ಲಕ್ಷದ ಒಳಗಿನ ಸಾಲಕ್ಕೆ ಬಂಗಾರದ ಬೆಲೆಯ 85% ತನಕ ಕೊಡಬಹುದು. ಇಲ್ಲಿ ಆಸೆ ಹುಟ್ಟುತ್ತದೆ. ನಮಗೂ ‘ಇನ್ನೂ ಬರ್ತದ, ತಗೊಳ್ರಿ’ ಅಂದರು. ಬೇಡ ಅಂದೆವು. ಉಳಿದಿದ್ದ 71,000ದಲ್ಲಿ 16,000ವನ್ನು ಆರ್‌ಡಿ ಮುರಿದು ಹಾಕಿದೆ, 55,000 ಬಂಗಾರದ ಮೇಲೆ ತಗೊಂಡೆ. ಆರ್‌ಡಿಯಲ್ಲಿ ನೂರಕ್ಕೆ 60 ಪೈಸೆಯೂ ಬರುತ್ತಿರಲಿಲ್ಲ, ಕಾರ್ಡಿಗೆ ನಾಲ್ಕು ರೂಪಾಯಿ ಹೋಗುತ್ತಿತ್ತು. ಎಫ್‌ಡಿ, ಆರ್‌ಡಿ ಇಟ್ಟುಕೊಂಡು ಕಾರ್ಡಿನ ಬಡ್ಡಿ ಕಟ್ಟುತ್ತಿರುವವರು ಮೊದಲು ಅದನ್ನು ಮುರಿಯಿರಿ. ಒಂದು ತಿಂಗಳ ಮನೆ ಖರ್ಚಿನಷ್ಟು ಮಾತ್ರ ಕೈಯಲ್ಲಿ ಉಳಿಸಿಕೊಳ್ಳಿ.

ಬಂಗಾರದ ಸಾಲಕ್ಕೆ ಅವಧಿ ಬಹಳ ಕಡೆ ಒಂದು ವರ್ಷ. ವರ್ಷದ ಕೊನೆಗೆ ಒಟ್ಟಿಗೆ ಕಟ್ಟಿ ಅಂತಾರೆ. ತಿಂಗಳು ತಿಂಗಳು ಕಟ್ಟಬಾರದು ಅಂತ ಏನೂ ಇಲ್ಲ. ಕೇಳಿಕೊಂಡು ಪ್ರತಿ ತಿಂಗಳು ಹಾಕುತ್ತಾ ಬನ್ನಿ. ಒಟ್ಟಿಗೆ ಕಟ್ಟೋಣ ಅಂತ ಬಿಟ್ಟರೆ ವರ್ಷ ತುಂಬುವಾಗ ದುಡ್ಡು ಇರುವುದಿಲ್ಲ, ಒಡವೆ ಹರಾಜಿನ ನೋಟಿಸ್ ಬರುತ್ತದೆ. ಹೊಲ ಇದ್ದವರಿಗೆ ಇಲ್ಲೊಂದು ಅನುಕೂಲ ಇದೆ. ತೊಗರಿ ರಾಶಿ ಆಗಿ ಜನವರಿ, ಫೆಬ್ರವರಿಗೆ ಗಂಜಿಗೆ ಹೋಗುತ್ತದೆ, ದುಡ್ಡು ಒಂದೇ ಸಲ ಕೈಗೆ ಬರುತ್ತದೆ. ನಮ್ಮ ಪಾಲಿನ ನಾಲ್ಕು ಎಕರೆಯ ತೊಗರಿ ದುಡ್ಡು ಮತ್ತು ತಿಂಗಳ 4,000 ಸೇರಿ ಶರಣಬಸವೇಶ್ವರ ಜಾತ್ರೆಗೆ ಮುಂಚೆ ಬೋರಮಳ ಮನೆಗೆ ಬಂತು. ಅವ್ವ ಮಣಿ ಎಣಿಸಿ ನೋಡಿ, ಸೊಸೆಯ ಕೊರಳಿಗೆ ತಾನೇ ಹಾಕಿದಳು.

ಆದರೆ ತೊಗರಿ ನಂಬಿ ಮಾತ್ರ ಸಾಲ ಎತ್ತಬೇಡಿ. ಮಳೆ ಜಾಸ್ತಿ ಆಗಿ ನೆಟೆ ರೋಗ ಬಂದರೆ ಗಿಡ ನಿಂತಲ್ಲೇ ಒಣಗುತ್ತದೆ. ಸಂಬಳದಿಂದಲೇ ತೀರಿಸಲು ಆಗುವಷ್ಟು ತಗೊಳ್ಳಿ, ತೊಗರಿ ದುಡ್ಡು ಬಂದರೆ ಬೇಗ ಮುಗಿಯಲಿ. ಹಾಗೆಯೇ ಸಹಕಾರ ಸಂಘದ ಶೂನ್ಯ ಬಡ್ಡಿ ಬೆಳೆ ಸಾಲ ತಂದು ಕಾರ್ಡಿಗೆ ಹಾಕುವ ಯೋಚನೆ ಕೆಲವರಿಗೆ ಬರುತ್ತದೆ. ಬಡ್ಡಿ ನೋಡಿದರೆ ಸರಿ ಅನಿಸುತ್ತದೆ. ಜೂನ್‌ನಲ್ಲಿ ಬೀಜ ಗೊಬ್ಬರಕ್ಕೆ ಏನು ಮಾಡ್ತೀರಿ? ಆಗ ನೂರಕ್ಕೆ ಮೂರರ ಸಾಲ ಮಾಡಬೇಕಾಗುತ್ತದೆ.

ಕೈಸಾಲ, ಭಿಶಿ (ಚೀಟಿ), ಆ್ಯಪ್ ಸಾಲ

ನೂರಕ್ಕೆ ಮೂರು ಅಂದರೆ ಕಾರ್ಡಿಗಿಂತ ಕಡಿಮೆಯೇ ಅಲ್ವಾ ಅಂತ ನೀವು ಕೇಳಬಹುದು. ಅಂಕಿ ನೋಡಿದರೆ ಹೌದು. ಆದರೆ ಅಸಲು ಪೂರ್ತಿ ಕೊಡುವ ತನಕ ಬಡ್ಡಿ ಪೂರ್ತಿ ಮೊತ್ತಕ್ಕೇ ನಡೆಯುತ್ತದೆ. ರಸೀದಿ ಇರುವುದಿಲ್ಲ. ಸಹಿ ಮಾಡಿದ ಖಾಲಿ ಚೆಕ್ ಕೇಳ್ತಾರೆ. ಖಾಲಿ ಚೆಕ್ ಯಾರಿಗೂ ಕೊಡಬೇಡಿ. ಕಿರುಕುಳ ಕೊಟ್ಟು ವಸೂಲಿ ಮಾಡುವವರ ವಿರುದ್ಧ ರಾಜ್ಯದಲ್ಲಿ 2025ರಲ್ಲಿ ಕಾನೂನು ಬಂದಿದೆ. ಹಾಗಂತ ಅಲ್ಲಿಗೆ ಹೋಗಿ ಸಿಕ್ಕಿಕೊಳ್ಳುವುದು ಯಾಕೆ?

ಭಿಶಿ ಹಾಕುವವರು ಗುರುತಿನವರೇ ಆಗಿದ್ದು, ನಿಮ್ಮ ಕಂತು ಅರ್ಧಕ್ಕಿಂತ ಜಾಸ್ತಿ ಕಟ್ಟಿ ಆಗಿದ್ದರೆ ಎತ್ತಿ ಕಾರ್ಡಿಗೆ ಹಾಕಿ. ಬಿಟ್ಟುಕೊಡುವ ಮೊತ್ತವನ್ನು ಬಡ್ಡಿ ಅಂತ ಹಿಡಿದು ನೋಡಿ. ಹೊಸದಾಗಿ ಭಿಶಿ ಸೇರಿ ಮೊದಲ ತಿಂಗಳೇ ಎತ್ತುವುದು ಬಹಳ ದುಬಾರಿ.

ಏಳು ದಿನ, ಹದಿನೈದು ದಿನಕ್ಕೆ ಕೊಡುವ ಆ್ಯಪ್ ಸಾಲ ಮುಟ್ಟಬೇಡಿ.

ಎರಡು ಕಾರ್ಡ್ ಇದ್ದರೆ ಯಾವುದು ಮೊದಲು

ಲೆಕ್ಕದ ಪ್ರಕಾರ ಜಾಸ್ತಿ ಬಡ್ಡಿ ಇರುವುದನ್ನು ಮೊದಲು ತೀರಿಸಬೇಕು. ಎಲ್ಲ ಕಾರ್ಡಿಗೂ ಮಿನಿಮಮ್ ಹಾಕಿ, ಉಳಿದ ದುಡ್ಡೆಲ್ಲ ಅದಕ್ಕೆ. ಆದರೆ ಕಾರ್ಡುಗಳ ಬಡ್ಡಿಯಲ್ಲಿ ವ್ಯತ್ಯಾಸ ಸ್ವಲ್ಪವೇ ಇರುತ್ತದೆ, 3.5% ಒಂದಕ್ಕೆ, 3.75% ಇನ್ನೊಂದಕ್ಕೆ. ಅಷ್ಟೇ ವ್ಯತ್ಯಾಸ ಇದ್ದರೆ ಸಣ್ಣ ಬಾಕಿಯ ಕಾರ್ಡನ್ನು ಮೊದಲು ಮುಗಿಸಿ ಬಂದ್ ಮಾಡಿ ಅನ್ನುವುದು ನನ್ನ ಅಭಿಪ್ರಾಯ. ಒಂದು ಬಿಲ್ ಪೂರ್ತಿ ನಿಂತಾಗ ಮನೆಯಲ್ಲಿ ಬರುವ ಧೈರ್ಯಕ್ಕೆ ಆ ನಾಲ್ಕು ಕಾಸು ಜಾಸ್ತಿ ಕೊಟ್ಟರೂ ತಪ್ಪಿಲ್ಲ.

ಸೆಟಲ್‌ಮೆಂಟ್

ಮೂರು ನಾಲ್ಕು ತಿಂಗಳು ಕಟ್ಟದೆ ಬಿಟ್ಟರೆ ‘80,000ಕ್ಕೆ 40,000 ಕೊಟ್ಟು ಮುಗಿಸಿ’ ಅಂತ ಫೋನ್ ಬರಬಹುದು. ಅರ್ಧಕ್ಕೆ ಮುಗಿಯಿತು ಅಂತ ಖುಷಿ ಆಗಬೇಡಿ. ನಿಮ್ಮ ಸಾಲಗಳ ದಾಖಲೆಯಾದ ಕ್ರೆಡಿಟ್ ರಿಪೋರ್ಟಿನಲ್ಲಿ ‘ಕ್ಲೋಸ್ಡ್’ ಅಂತ ಬರುವ ಜಾಗದಲ್ಲಿ ‘ಸೆಟಲ್ಡ್’ ಅಂತ ಬರುತ್ತದೆ, ವರ್ಷಗಟ್ಟಲೆ ಉಳಿಯುತ್ತದೆ. ಮುಂದೆ ಮನೆ ಸಾಲಕ್ಕೆ ಹೋದಾಗ ಮೊದಲ ಪ್ರಶ್ನೆ ಅದೇ ಆಗಿರುತ್ತದೆ. ಕೆಲಸ ಹೋಗಿದೆ, ಮನೆಯಲ್ಲಿ ದೊಡ್ಡ ಕಾಯಿಲೆ ಇದೆ, ಬೇರೆ ಯಾವ ದಾರಿಯೂ ಇಲ್ಲ ಅನ್ನುವವರು ಇದನ್ನು ಆರಿಸಿಕೊಂಡರೆ ತಪ್ಪಲ್ಲ. ಆಗಲೂ ಬ್ಯಾಂಕಿನ ಪತ್ರ ಕೈಗೆ ಬರುವ ತನಕ ಒಂದು ರೂಪಾಯಿಯನ್ನೂ ಹಾಕಬೇಡಿ. ವಸೂಲಿಯವರ ಸ್ವಂತ ನಂಬರಿಗಂತೂ ಹಾಕಲೇಬೇಡಿ.

ವಸೂಲಿ ಏಜೆಂಟರು ಬೆಳಿಗ್ಗೆ 8ಕ್ಕೆ ಮುಂಚೆ, ಸಂಜೆ 7ರ ನಂತರ ಫೋನ್ ಮಾಡುವ ಹಾಗಿಲ್ಲ. ಬೈಯುವಂತಿಲ್ಲ, ಓಣಿಯವರ ಮುಂದೆ ಮರ್ಯಾದೆ ತೆಗೆಯುವಂತಿಲ್ಲ. ಹಾಗೆ ಮಾಡಿದರೆ ಬ್ಯಾಂಕಿಗೆ ಬರೆದು ದೂರು ಕೊಡಿ. 30 ದಿನದಲ್ಲಿ ಉತ್ತರ ಬರದಿದ್ದರೆ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಹೋಗಬಹುದು. ಮಾಹಿತಿಗೆ ಫೋನ್ ನಂಬರ್ 14448.

ದುಡ್ಡು ಕಟ್ಟಿದ ಮೇಲೆ ಕಾರ್ಡ್ ಏನು ಮಾಡುವುದು

ಯಾವ ದಾರಿ ಆರಿಸಿದರೂ ಕೊನೆಗೆ ಈ ಪ್ರಶ್ನೆ ಬರುತ್ತದೆ. ನಮ್ಮ ಹತ್ತಿರದ ಸಂಬಂಧಿಕರೊಬ್ಬರು 14%ಕ್ಕೆ ಪರ್ಸನಲ್ ಲೋನ್ ತಗೊಂಡು ಕಾರ್ಡ್ ಪೂರ್ತಿ ತೀರಿಸಿದರು. ಆರಿಸಿದ ದಾರಿ ಸರಿಯಾಗಿಯೇ ಇತ್ತು. ಆದರೆ ಮರುದಿನ ಕಾರ್ಡಿನಲ್ಲಿ ಪೂರ್ತಿ ಲಿಮಿಟ್ ಮತ್ತೆ ಕಾಣಿಸಿತು. ತಂಗಿ ಮದುವೆಯ ಜವಳಿಗೆ ಸ್ವಲ್ಪ, ಟೈರಿಗೆ ಸ್ವಲ್ಪ ಅಂತ ಎಂಟು ತಿಂಗಳಲ್ಲಿ ಕಾರ್ಡ್ ಮತ್ತೆ ತುಂಬಿತು. ಈಗ ಲೋನ್ ಕಂತೂ ಇದೆ, ಕಾರ್ಡ್ ಬಿಲ್ಲೂ ಇದೆ. ಬಂಗಾರ ಇಟ್ಟವರಿಗೆ ಹೀಗಾದರೆ ಒಡವೆಯೂ ಹೋಗುತ್ತದೆ. 83 ಪೈಸೆ, ಒಂದೂವರೆ ರೂಪಾಯಿ ಅನ್ನುವ ಎಲ್ಲ ಲೆಕ್ಕವೂ ಕಾರ್ಡ್ ನಿಂತರೆ ಮಾತ್ರ ನಿಜ.

ಹಾಗಾಗಿ ನಾನು ಬಾಕಿ ಸೊನ್ನೆ ಆದ ದಿನವೇ ಕಾರ್ಡ್ ಬಂದ್ ಮಾಡಲು ಇಮೇಲ್ ಕಳಿಸಿದೆ. ‘ಲೈಫ್‌ಟೈಮ್ ಫ್ರೀ ಮಾಡಿಕೊಡ್ತೀವಿ, ಇಟ್ಟುಕೊಳ್ಳಿ ಸರ್’ ಅಂತ ಎರಡು ಸಲ ಫೋನ್ ಬಂತು. ಬೇಡ ಅಂದೆ. ಬಾಕಿ ಇಲ್ಲದ ಕಾರ್ಡನ್ನು ಕೇಳಿದ ಮೇಲೆ 7 ಕೆಲಸದ ದಿನದಲ್ಲಿ ಬಂದ್ ಮಾಡಬೇಕು, ತಡ ಆದರೆ ದಿನಕ್ಕೆ 500 ರೂಪಾಯಿ ಗ್ರಾಹಕರಿಗೆ ಕೊಡಬೇಕು ಅಂತ ರಿಸರ್ವ್ ಬ್ಯಾಂಕಿನ 2022ರ ನಿಯಮ ಇದೆ. ಅದನ್ನೇ ಇಮೇಲ್‌ನಲ್ಲಿ ಬರೆದಿದ್ದೆ. ಐದನೇ ದಿನ ಬಂದ್ ಆಯಿತು ಅಂತ ಮೆಸೇಜ್ ಬಂತು. ಬಾಕಿ ಇಲ್ಲ ಅನ್ನುವ ಪತ್ರವನ್ನೂ ಕೇಳಿ ತರಿಸಿಕೊಂಡೆ. ಎರಡು ತಿಂಗಳ ಮೇಲೆ ಕ್ರೆಡಿಟ್ ರಿಪೋರ್ಟ್ ತೆಗೆದು ನೋಡಿದೆ. ಈ ರಿಪೋರ್ಟ್ ತಯಾರಿಸುವ ಒಂದೊಂದು ಕಂಪನಿಯೂ ವರ್ಷಕ್ಕೊಮ್ಮೆ ಪೂರ್ತಿ ರಿಪೋರ್ಟನ್ನು ಪುಕ್ಕಟೆ ಕೊಡಬೇಕು, ಅದಕ್ಕೆ ದುಡ್ಡು ಕೊಡಬೇಡಿ. ನನ್ನ ಕಾರ್ಡಿನ ಮುಂದೆ ‘ಕ್ಲೋಸ್ಡ್’ ಅಂತ ಇತ್ತು. ಕಾರ್ಡನ್ನು ಮನೆಯವಳು ಅಡುಗೆಮನೆಯ ಕತ್ತರಿಯಲ್ಲಿ ನಾಲ್ಕು ತುಂಡು ಮಾಡಿದಳು. ಬೋರಮಳ ಅಡವಿಟ್ಟ ಚೀಟಿಯ ಜೊತೆಗೆ ಆ ತುಂಡುಗಳನ್ನೂ ಪೆಟ್ಟಿಗೆಯಲ್ಲೇ ಇಟ್ಟಿದ್ದಾಳೆ.